ಮಡಿಕೋಲು ಮತ್ತು ಒಂದು ಮೀನು

ಬೆಳಗಿನಿಂದ ಮನೆಯ ತುಂಬ ಅಗಸಿ ಎಣ್ಣೆಯ ವಾಸನೆ. ನಮ್ಮ ಮುಂಬಾಗಿಲು ಮಳೆಗಾಲದಲ್ಲಿ ಉಬ್ಬಿಕೊಂಡು, ಬಂದವರನ್ನು ಒಳಗೆ ಬಿಡದೆ, ಒಳಗಿದ್ದವರನ್ನು ಹೊರಗೆ ಬಿಡದೆ, ಮನೆಯ ಯಜಮಾನಿಕೆಯನ್ನು ತಾನೇ ವಹಿಸಿಕೊಂಡಿತ್ತು. ಬಡಿಗ ಬಂದು ಉಜ್ಜುಗೊರಡಿನಿಂದ ಅದರ ಅಹಂಕಾರ ಇಳಿಸಿ, ಮೇಲೆ ಅಗಸಿ ಎಣ್ಣೆ ಸವರಿ, ಒಣಗುವ ತನಕ ಯಾರೂ ಮುಟ್ಟಕೂಡದೆಂದು ಅಪ್ಪಣೆ ಮಾಡಿ ಹೋಗಿದ್ದಾನೆ. ಕಾವಲಿಗೆ ನನ್ನನ್ನು ಕೂರಿಸಿದ್ದಾರೆ. ನನ್ನ ವಯಸ್ಸಿನವರಿಗೆ ಮನೆಯವರು ದಯಪಾಲಿಸುವ ಅಧಿಕಾರದ ಹುದ್ದೆಗಳು ಇಂಥವೇ.

ನಮ್ಮ ಕಡೆಯವರಿಗೆ ಅಗಸಿ ಎಂದರೆ ರೊಟ್ಟಿ ನೆನಪಾಗಬೇಕು, ಅದರ ಮೇಲಿನ ಖಾರದ ಪುಡಿ, ಹಿಂಡಿ, ನೆನಪಾಗಬೇಕು, ಹಿಂಡಿಯ ಮೇಲೆ ಬೀಳುವ ಮೊಸರು ನೆನಪಾಗಬೇಕು. ನನಗೆ ಮಾತ್ರ ಮೀನು ನೆನಪಾಗುತ್ತದೆ. ಉಳ್ಳಾಗಡ್ಡಿಯನ್ನೇ ಸಂಶಯದಿಂದ ನೋಡುವ ಮನೆತನದಲ್ಲಿ ಹುಟ್ಟಿದವನು ಹೀಗೆನ್ನಬಾರದು ಎಂದು ಗೊತ್ತು. ಆದರೂ ಕೇಳಿ. ಬಾಗಿಲು ಒಣಗುವವರೆಗೆ ನಿಮಗೂ ನನಗೂ ಬೇರೆ ದಾರಿಯಿಲ್ಲ.

ಮೂವತ್ತರ ದಶಕದಲ್ಲಿ ನಾನೂ ರಾಘಪ್ಪನೂ ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ಕಾರಕೂನರು. ಇಬ್ಬರ ಮನೆಯೂ ಮಾಳಮಡ್ಡಿಯಲ್ಲಿ, ನಡುವೆ ಒಂದು ಗೋಡೆ. ಬೆಳಿಗ್ಗೆ ಗಾಡಿ ಹತ್ತಿ ಹುಬ್ಬಳ್ಳಿಗೆ ಹೋಗುವುದು, ಸಂಜೆ ಅದೇ ಗಾಡಿ ಹತ್ತಿ ಮರಳುವುದು. ಬದುಕೆಂದರೆ ಮುಂದಕ್ಕೆ ಸಾಗುವ ಪ್ರಯಾಣ ಎಂದು ದೊಡ್ಡವರು ಹೇಳಿದ್ದಾರೆ. ನಮ್ಮದು ನಡುವಿನ ನವಲೂರು ನಿಲ್ದಾಣ ದಾಟಿ ಹೋಗಿ ನವಲೂರು ದಾಟಿ ಬರುವುದಷ್ಟೇ ಆಗಿತ್ತು. ಮರಳುವಾಗ ನಾವು ಮಾತಾಡುತ್ತಿರಲಿಲ್ಲ. ದಣಿವು ಎಂಬುದು ಮೈಯ ಸಂಗತಿ ಎಂದು ತಿಳಿದವರು ಕಾರಕೂನಿಕೆ ಮಾಡಿಲ್ಲ. ದಿನವಿಡೀ ಕುರ್ಚಿಯ ಮೇಲೆ ಕೂತವನು ಸಂಜೆ ಬಂದು ಮತ್ತೆ ಕೂತುಕೊಳ್ಳಬೇಕೆನ್ನುವುದು ಯಾವ ಬಗೆಯ ದಣಿವು, ನೀವೇ ಹೇಳಿ.

ನಮ್ಮ ಮೇಲೆ ಒಬ್ಬ ಬಿಳಿಯ ದೊರೆ ಇದ್ದ. ಕಡಲಾಚೆಯ ಬೆಟ್ಟದ ಸೀಮೆಯಿಂದ ಬಂದ, ಮಾತು ಕಡಿಮೆಯ ಮುದುಕ. ಅವನ ಊರ ಹೊಳೆಯಲ್ಲಿ ಸಾಲ್ಮನ್ ಎಂಬ ಮೀನು ಇದೆಯಂತೆ. ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ದುಡಿದು ದಪ್ಪಗಾಗಿ, ಕೊನೆಗೆ ಹುಟ್ಟಿದ ಹೊಳೆಗೇ ಮರಳುತ್ತದಂತೆ. ಮರಳುವಾಗ ದಾರಿಯುದ್ದಕ್ಕೂ ಒಂದು ತುತ್ತು ಮುಟ್ಟುವುದಿಲ್ಲವಂತೆ. ಉಪವಾಸವಿರುವ ಮೀನನ್ನು ಹಿಡಿಯಲು ಎರೆಹುಳು ಉಪಯೋಗವಿಲ್ಲ. ಆದ್ದರಿಂದ ಗಾಳಕ್ಕೆ ಕೋಳಿಪುಕ್ಕ, ಬಣ್ಣದ ನೂಲು ಕಟ್ಟಿ ಮಾಡಿದ ನಕಲಿ ನೊಣವನ್ನು ಉದ್ದನೆಯ ಕೋಲಿನಿಂದ ಬೀಸಿ ಅದರ ಮೂಗಿನ ಮುಂದೆ ಇಳಿಸಬೇಕು. ಸಿಟ್ಟಿಗೋ ಬೇಸರಕ್ಕೋ ಒಮ್ಮೆ ಬಾಯಿ ಹಾಕಿತು, ಸಿಕ್ಕಿತು. ಊರಿಗೆ ಮರಳಿದ ಮೇಲೆ ಬೇಕೆಂದು ದೊರೆ ಇದಕ್ಕೆಂದೇ ಒಂದು ಕೋಲು ತರಿಸಿಟ್ಟಿದ್ದ. ಮೂರು ತುಂಡಿನದು, ಒಂದರೊಳಗೊಂದು ಕೂಡಿಸಿದರೆ ಮಾಳಿಗೆ ಮುಟ್ಟುವಷ್ಟು ಉದ್ದ. ಕೈಯ ರೂಢಿ ತಪ್ಪದಿರಲೆಂದು ಆದಿತ್ಯವಾರ ಕೆಲಗೇರಿ ಕೆರೆಗೆ ಹೋಗಿ ಅದನ್ನು ಬೀಸುತ್ತಿದ್ದ, ಜೊತೆಗೆ ರಾಘಪ್ಪನನ್ನು ಒಯ್ಯುತ್ತಿದ್ದ.

ಕೆಲಗೇರಿಯ ಮೀನುಗಳು ಉಪವಾಸದವಲ್ಲ, ಬುದ್ಧಿಯಿದ್ದವು. ಪಕ್ಕದಲ್ಲಿ ಎರೆಹುಳು ಚುಚ್ಚಿದ ಗಾಳ ಹಾಕಿದವರ ಬುಟ್ಟಿ ತುಂಬುತ್ತಿತ್ತು. ದೊರೆಯ ನೊಣವನ್ನು ಅವು ಮೂಸಿಯೂ ನೋಡಲಿಲ್ಲ. ಕೊನೆಗೆ ಅವನು ಊರಿಗೆ ಹೊರಡುವ ಹೊತ್ತಿಗೆ ಬಲಭುಜ ಬಿದ್ದುಹೋಯಿತು. ಕೈ ಕಿವಿಯ ತನಕವೂ ಏಳದು. ಹಡಗು ಹತ್ತುವ ಮುಂಚೆ ಕೋಲು, ದಾರದ ಗಾಲಿ, ನೊಣಗಳ ಡಬ್ಬಿ ಎಲ್ಲವನ್ನೂ ರಾಘಪ್ಪನ ಕೈಗಿತ್ತು ಬೆನ್ನು ತಿರುಗಿಸಿದ. ಒಂದೂ ಮೀನು ಕಾಣದ ಆ ಕೋಲು ಹೀಗೆ ಮಾಳಮಡ್ಡಿಯ ಒಂದು ವೈಷ್ಣವ ಮನೆಗೆ ಗೃಹಪ್ರವೇಶ ಮಾಡಿತು.

ರಾಘಪ್ಪನ ಹೆಂಡತಿಗೆ ನಾನು ವೈನಿ ಎನ್ನುತ್ತಿದ್ದೆ. ವೈನಿ ಡಬ್ಬಿಯೊಳಗಿನ ಪುಕ್ಕಗಳನ್ನು ದೂರದಿಂದಲೇ ನೋಡಿ, ಈ ಸಂಸಾರ ಹಿತ್ತಲ ಪಡಸಾಲೆ ದಾಟಿ ಒಳಗೆ ಬರಕೂಡದು ಎಂದು ಗಡಿ ಹಾಕಿದಳು. ಹಿಡಿದರೂ ನಾವು ತಿನ್ನುವವರಲ್ಲ, ನೀರಿಗೇ ಬಿಡುವವರು ಎಂದು ರಾಘಪ್ಪ ಸಮಜಾಯಿಸಿ ಹೇಳಿದ. ಅದಕ್ಕೆ ಅವಳು ಕೊಟ್ಟ ಉತ್ತರ ಇನ್ನೂ ಕಿವಿಯಲ್ಲಿದೆ: "ಹಸಿದವರು ಹಿಡದರ ದೇವರಿಗೆ ತಿಳೀತದ. ನೀವು ಯಾಕ ಹಿಡೀತೀರಿ ಅಂತ ಅವ್ನಿಗೆ ಹ್ಯಾಂಗ ತಿಳೀಬೇಕರಿ?"

ದೇವರಿಗೇ ತಿಳಿಯದ್ದು ನನಗೆ ತಿಳಿಯಿತೆಂದು ಹೇಳಲಾರೆ. ಆದರೂ ಆದಿತ್ಯವಾರ ಮಧ್ಯಾಹ್ನ ನಾನೂ ಹೋಗುತ್ತಿದ್ದೆ. ಅವನು ಧೋತರದ ಕಚ್ಚೆ ಬಿಗಿದು ಮೊಣಕಾಲು ನೀರಿನಲ್ಲಿ ನಿಲ್ಲುವುದು. ನಾನು ದಂಡೆಯ ಕಲ್ಲಿನ ಮೇಲೆ ಕೊಡೆ ಬಿಚ್ಚಿಕೊಂಡು ಕೂರುವುದು. ಆ ಬೀಸುವುದರಲ್ಲಿ ಒಂದು ಗುಟ್ಟಿದೆ. ಕೋಲನ್ನು ಎತ್ತಿ ದಾರವನ್ನು ಬೆನ್ನ ಹಿಂದಕ್ಕೆ ಕಳಿಸಿದ ಮೇಲೆ, ಅದು ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ಸುಮ್ಮನೆ ಕಾಯಬೇಕು. ಕಾಯದೆ ಮುಂದೆ ಬೀಸಿದರೆ ದಾರ ತಲೆಯ ಮೇಲೆ ಬೀಳುತ್ತದೆ. ಕಚೇರಿಯಲ್ಲಿ ಬಡ್ತಿಗಾಗಿ, ಗಾಡಿಗಾಗಿ, ಊಟಕ್ಕಾಗಿ ಕಾದು ಸುಸ್ತಾದ ರಾಘಪ್ಪ ಇಲ್ಲಿ ಮಾತ್ರ ಹಬ್ಬದವನಂತೆ ಕಾಯುತ್ತಿದ್ದ. ಮನೆಗೆ ಬಂದು ಕೋಲಿಗೂ ರೇಷ್ಮೆಯ ದಾರಕ್ಕೂ ಅಗಸಿ ಎಣ್ಣೆ ತಿಕ್ಕುತ್ತಿದ್ದ. ವಾರಕ್ಕೆ ಸಾಲುವಷ್ಟು ವಾಸನೆ ಅವನ ಅಂಗೈಯಲ್ಲಿ ಉಳಿಯುತ್ತಿತ್ತು. ಕಚೇರಿಯಲ್ಲಿ ನಡುನಡುವೆ ಮೂಗಿಗೆ ಹಿಡಿದುಕೊಳ್ಳುವುದನ್ನು ನಾನು ಕಂಡಿದ್ದೇನೆ.

ಹೀಗೆ ವರ್ಷಗಳು ಹೋದವು. ಒಂದು ಚಳಿಗಾಲದ ಇಳಿಹೊತ್ತಿನಲ್ಲಿ ನಾನು ತೂಕಡಿಸುತ್ತಿದ್ದಾಗ ರಾಘಪ್ಪನ ಬಾಯಿಂದ ಬಿಕ್ಕಳಿಕೆಯಂಥ ಸದ್ದು ಬಂತು. ನೋಡುತ್ತೇನೆ, ಕೋಲು ಬಿಲ್ಲಿನಂತೆ ಬಾಗಿದೆ, ದಾರ ನೀರು ಸೀಳುತ್ತ ಓಡುತ್ತಿದೆ. ಮೀನು ಒಮ್ಮೆ ಮೇಲೆ ಬಂತು, ಬೆಳ್ಳಿಯ ತಾಟು ತಿರುವಿದಂತೆ ಹೊಳೆಯಿತು. ಆಮೇಲೆ ಕೋಲು ನೆಟ್ಟಗಾಯಿತು. ಅಷ್ಟೇ. ಅವನು ದಾರ ಸುತ್ತಿಕೊಂಡು ದಂಡೆಗೆ ಬಂದ. ಹೋಯಿತಲ್ಲ ಎಂದು ನಾನೊಂದು ಸಮಾಧಾನ ಹೇಳಹೋದೆ. ನನ್ನನ್ನು ಪರವೂರಿನವನನ್ನು ನೋಡುವಂತೆ ನೋಡಿದ.

ಇನ್ನು ಅವನ ತಾಯಿಯ ವಿಷಯ. ಅವ್ವನಿಗೆ ಕಣ್ಣಿನಲ್ಲಿ ಪೊರೆ ಬಂದಿತ್ತು. ಮಡಿಯ ವಿಷಯದಲ್ಲಿ ಮಾತ್ರ ಅವಳ ದೃಷ್ಟಿಗೆ ಯಾವ ಪೊರೆಯೂ ಇರಲಿಲ್ಲ. ಲಕ್ಷ ಬತ್ತಿ ಹೊಸೆದು ಕಾರ್ತಿಕದಲ್ಲಿ ದೇವರಿಗೆ ಹಚ್ಚುತ್ತೇನೆಂದು ಯಾವ ಕಾಲದಲ್ಲೋ ಹರಕೆ ಹೊತ್ತವಳು. ಬಾಣಂತನ, ಸಾವು, ಮದುವೆ ಎನ್ನುತ್ತ ಅದು ಮುಂದೆ ಮುಂದೆ ಹೋಗಿತ್ತು. ಆ ವರ್ಷ, ಕಣ್ಣು ಪೂರ್ತಿ ಹೋಗುವ ಮೊದಲು ಮುಗಿಸಲೇಬೇಕೆಂದು ಆಷಾಢದಲ್ಲಿ ಶುರುಮಾಡಿದಳು. ದಿನಾ ನಸುಕಿನಲ್ಲಿ ಮಿಂದು, ಯಾರೂ ಮುಟ್ಟದ ಮಡಿಸೀರೆ ಉಟ್ಟು, ಹತ್ತಿ ಹಿಡಿದು ಕೂರುವುದು. ಆ ಸೀರೆಯನ್ನು ಕೈಯಿಂದ ಒಣಹಾಕುವಂತಿಲ್ಲ. ಮಾಳಿಗೆಯ ಕೆಳಗೆ ಎತ್ತರದಲ್ಲಿ ಕಟ್ಟಿದ ಗಳದ ಮೇಲೆ ಮಡಿಕೋಲಿನಿಂದ ಎತ್ತಿ ಹಾಕಬೇಕು.

ಹಳೆಯ ಮಡಿಕೋಲಿಗೆ ಅದೇ ಮಳೆಗಾಲದಲ್ಲಿ ಗೆದ್ದಲು ಹತ್ತಿತು. ರಾಘಪ್ಪನೂ ಭಕ್ತನೇ ನೋಡಿ. ಚಾತುರ್ಮಾಸದಲ್ಲಿ ಕೆಲವರು ತರಕಾರಿ ಬಿಡುವಂತೆ ಅವನು ಮೀನು ಹಿಡಿಯುವುದನ್ನು ಬಿಡುತ್ತಿದ್ದ, ಎಂದರೆ ಹಿಡಿಯದೆ ಇರುವುದನ್ನು ಬಿಡುತ್ತಿದ್ದ. ಕೋಲಿನ ಸಪೂರ ತುದಿಯನ್ನು ಬಿಚ್ಚಿ ಬೇರೆ ಇಟ್ಟು, ದಪ್ಪನೆಯ ಎರಡು ತುಂಡು ಕೂಡಿಸಿದ್ದನ್ನು ಪಡಸಾಲೆಯ ಮೂಲೆಗೆ ಆನಿಸಿಟ್ಟಿದ್ದ. ಅವ್ವ ತಡವಿ ನೋಡಿದಳು. ನುಣುಪಾಗಿದೆ, ಹಗುರಾಗಿದೆ. ಮಗ ಹೊಸ ಮಡಿಕೋಲು ತಂದಿಟ್ಟಿದ್ದಾನೆಂದು ತಿಳಿದು ಹರಸಿ, ಹಿಂಡದ ಸೀರೆಯನ್ನು ಅದರ ಮೇಲೆ ಹೊರಿಸಿದಳು. ಸೊಸೆ ಆ ಹೊತ್ತಿನಲ್ಲಿ ಒಲೆಯ ಮುಂದೆ. ಮಗನಿಗೆ ಗಾಡಿಯ ಗಡಿಬಿಡಿ. ಯಾರ ಕಣ್ಣಿಗೂ ಬೀಳಲಿಲ್ಲ.

ದಸರೆ ಕಳೆದ ಮೇಲೆ ಒಂದು ದಿನ ಎಣ್ಣೆ ತಿಕ್ಕಲೆಂದು ಕೋಲು ಹುಡುಕುತ್ತ ಬಂದ ರಾಘಪ್ಪನಿಗೆ ಅದು ತಾಯಿಯ ಕೈಯಲ್ಲಿ, ನೀರು ಸೋರುವ ಸೀರೆಯ ಕೆಳಗೆ ಕಂಡಿತು. ಸೋಮವಾರ ಗಾಡಿಯಲ್ಲಿ ನನಗೆ ಹೇಳಿದಾಗ ಅವನ ಮುಖ ಬಿಳಿಚಿಕೊಂಡಿತ್ತು. ಹೇಳಿದರೆ ಹೊಸೆದ ಬತ್ತಿಯೆಲ್ಲ ಮೈಲಿಗೆ, ಹರಕೆ ಮುರಿದುಬೀಳುತ್ತದೆ, ಮುಂದಿನ ವರ್ಷಕ್ಕೆ ಕಣ್ಣಿರುವುದಿಲ್ಲ. ಹೇಳದಿದ್ದರೆ ಮೀನಿನ ಕೋಲಿನ ಮಡಿಯಲ್ಲಿ ದೇವರಿಗೆ ದೀಪ. ನಾನು ಲೌಕಿಕನಂತೆ ಸಲಹೆ ಕೊಟ್ಟೆ: ಸುಮ್ಮನಿರು, ಕೇಳಿದರೆ ಈ ಕೋಲಿಗೆ ಎಂದೂ ಒಂದು ಮೀನೂ ತಾಕಿಲ್ಲ ಎನ್ನು, ಮುಕ್ಕಾಲು ಮೂರುವೀಸ ಪಾಲು ಅದು ನಿಜವೇ. ವೈನಿಯೂ ಅದನ್ನೇ ಹೇಳಿದಳಂತೆ. ಅವನು ಕಿಟಕಿಯ ಹೊರಗೆ ನೋಡುತ್ತ ಕೂತ.

ಮುಂದಿನ ಆದಿತ್ಯವಾರ ನಾನು ಅವರ ಪಡಸಾಲೆಯಲ್ಲೇ ಇದ್ದೆ. ಅವ್ವ ಸೀರೆ ಎತ್ತಿ ಹಾಕಿ, ಕೋಲಿನ ಮೈಯ ಮೇಲೆ ಬೆರಳಾಡಿಸುತ್ತ ಕೇಳಿದಳು.

"ರಾಘ್ಯಾ, ಈ ಕೋಲಿಗೆ ಉಂಗುರ ಯಾಕ ಹಾಕ್ಯಾರೋ?"

ಒಳಗೆ ಸೌಟಿನ ಸದ್ದು ನಿಂತಿತು. ರಾಘಪ್ಪ ನೆಲ ನೋಡಿ ಹೇಳಿದ. "ದಾರ ಹಾಯಲಿಕ್ಕೆ, ಅವ್ವಾ. ಮೀನ ಹಿಡಿಯೋ ದಾರ."

ಅವ್ವ ಕೋಲನ್ನು ಬಿಸಾಡಲಿಲ್ಲ. ಗೋಡೆಗೆ ಆನಿಸಿ, ಅಲ್ಲೇ ಕುಕ್ಕರಿಸಿದಳು. ಮುದುಕಿಯ ಬೆರಳುಗಳು ಹತ್ತಿ ಇಲ್ಲದೆಯೂ ಬತ್ತಿ ಹೊಸೆಯುತ್ತಿದ್ದವು.

"ಇದಕ್ಕ ಮೀನ ಮುಟ್ಟೇದೇನು?"

ವೈನಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸಿದಳು, ಇಲ್ಲ ಎನ್ನು ಎಂದು. ನಾನೂ ಇಲ್ಲ ಎನ್ನಲೆಂದೇ ಬಾಯಿ ತೆರೆದಿದ್ದೆ. ಒಂದು ಶಬ್ದದ ಕೆಲಸ. ಅಷ್ಟರಲ್ಲಿ ರಾಘಪ್ಪ ಹೇಳಿಬಿಟ್ಟ.

"ಒಂದ ಮುಟ್ಟೇದ, ಅವ್ವಾ."

ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸತ್ಯವಂತನೆಂದು ಅವನಿಗೆ ಹೆಸರಿರಲಿಲ್ಲ; ಕಚೇರಿಗೆ ತಡವಾದರೆ ಹೇಳಲು ಅವನ ಹತ್ತಿರ ಸತ್ತ ಸೋದರಮಾವಂದಿರ ಒಂದು ದಂಡೇ ಇತ್ತು. ತಾಯಿಯ ಜೀವಮಾನದ ಹರಕೆ ಒಂದು ಕಡೆ, ಕ್ಷಣ ಹೊತ್ತು ಸಿಕ್ಕಿ ತಪ್ಪಿಹೋದ ಮೀನು ಇನ್ನೊಂದು ಕಡೆ. ಆ ಮೀನನ್ನು ಇಲ್ಲವೆನ್ನಲು ಅವನಿಗೆ ಆಗಲಿಲ್ಲ.

"ಇಷ್ಟ ವರ್ಷದಾಗ ಒಂದ?" ಎಂದಳು ಅವ್ವ.

"ಒಂದ."

"ಮತ್ತ ಆದಿತ್ಯವಾರಕ್ಕೊಮ್ಮೆ ಏನ ಮಾಡ್ಲಿಕ್ಕೆ ಹೋಗ್ತಿದ್ದಿ?"

"ಭಾಳ ದಣದಿರ್ತೇನಿ, ಅವ್ವಾ" ಎಂದ.

ಗಳದ ಮೇಲಿನ ಸೀರೆಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಆಮೇಲೆ ಅವ್ವ, ಅಡಿಗೆಗೆ ಎಷ್ಟು ಅಕ್ಕಿ ಎಂದು ಕೇಳುವ ದನಿಯಲ್ಲಿ ಕೇಳಿದಳು. "ಆ ದಾರ ಎಂಥಾದ್ದು? ಹತ್ತೀದೋ?"

"ರೇಷ್ಮಿದು."

"ಖರೇ ರೇಷ್ಮಿ?"

"ಖರೇ ರೇಷ್ಮಿ."

"ಹಂಗಾದ್ರ ಮೀನಿಗೂ ಕೋಲಿಗೂ ನಡುವ ರೇಷ್ಮಿ ಬಂತಲ್ಲೋ. ರೇಷ್ಮಿ ದಾಟಿ ಮೈಲಿಗಿ ಬರ್ತದೇನು?"

ರಾಘಪ್ಪ ಇನ್ನೂ ಏನೋ ಹೇಳಹೊರಟ. ತುದಿಯ ಗಾಳದ ವಿಷಯವೋ, ಕೋಳಿಪುಕ್ಕದ್ದೋ, ದೇವರೇ ಬಲ್ಲ. ಅಡಿಗೆಮನೆಯಲ್ಲಿ ವೈನಿಯ ಕೈಯಿಂದ ಹಿತ್ತಾಳೆಯ ತಂಬಿಗೆ ಭಾರೀ ಸದ್ದಿನೊಡನೆ ಜಾರಿಬಿತ್ತು. ಆ ಮನೆಯಲ್ಲಿ ಪಾತ್ರೆ ಬಿದ್ದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಸದ್ದು ಅಡಗುವಷ್ಟರಲ್ಲಿ ಅವ್ವ ಎದ್ದು ಹತ್ತಿಯ ಬುಟ್ಟಿಯ ಕಡೆ ನಡೆದಿದ್ದಳು. ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಶಾಸ್ತ್ರ ಬಲ್ಲವರು ಏನೆನ್ನುತ್ತಾರೋ ತಿಳಿಯದು. ಅವರನ್ನು ಕೇಳುವಷ್ಟು ಮೂರ್ಖರು ನಾವಾರೂ ಆಗಿರಲಿಲ್ಲ. ಕಾರ್ತಿಕದಲ್ಲಿ ಲಕ್ಷ ಬತ್ತಿಯೂ ಉರಿಯಿತು.

ಕೋಲು ಮಾತ್ರ ಅವ್ವನ ಪಾಲಾಯಿತು. ಹಳೆಯದಕ್ಕಿಂತ ಹಗುರ, ತನಗೆ ಇದೇ ಇರಲಿ ಎಂದಳು. ಅವಳ ಕೈ ಸೋತ ಮೇಲೆ ರಾಘಪ್ಪನೇ ಬೆಳಿಗ್ಗೆ ಒದ್ದೆ ಪಂಚೆಯಲ್ಲಿ ನಿಂತು ಸೀರೆ ಎತ್ತಿ ಹಾಕುತ್ತಿದ್ದ. ಹಿಂದಕ್ಕೆ ಒಯ್ದು, ತುಸು ಕಾದು, ಮುಂದೆ ಬೀಸಿದನೆಂದರೆ ಸೀರೆ ಗಳದ ಮೇಲೆ ಸದ್ದಿಲ್ಲದೆ ಹರಡಿಕೊಳ್ಳುತ್ತಿತ್ತು. ಅವ್ವ ತೀರಿಕೊಂಡ ಮೇಲೆ, ಇನ್ನು ಕೆಲಗೇರಿಗೆ ಒಯ್ಯಬಹುದಲ್ಲ ಎಂದೆ. ಅವನು ಒಪ್ಪಲಿಲ್ಲ. ಆದಿತ್ಯವಾರ ಇಬ್ಬರೂ ಕೋಲಿಲ್ಲದೆ ಹೋಗಿ ಕೂತು ಬರುತ್ತಿದ್ದೆವು. ಈಗ ರಾಘಪ್ಪನೂ ಇಲ್ಲ, ವೈನಿಯೂ ಇಲ್ಲ. ನಾನು ಇದ್ದೇನೆ, ಬಾಗಿಲು ಕಾಯುತ್ತ.

ಇಷ್ಟು ಬರೆಯುವ ಹೊತ್ತಿಗೆ ನನ್ನ ಹೆಂಡತಿ ಚಹಾ ತಂದಳು. ಏನು ಬರೆಯುತ್ತಿದ್ದೀರೆಂದು ಕೇಳಿದಳು. ರಾಘಪ್ಪನ ಮೀನಿನ ಸಂಗತಿ ಎಂದೆ. ಅವಳು ಕಪ್ಪು ಕೈಗಿತ್ತು, "ಎಷ್ಟ ದೊಡ್ಡದಿತ್ತರೀ ಅದು?" ಎಂದಳು.

ಚಹಾ ಆರುತ್ತಿದ್ದರೂ ನಾನು ಕುಡಿಯಲಿಲ್ಲ. ಮುಟ್ಟಿತ್ತೇ ಇಲ್ಲವೇ ಎಂದು ನಾವೆಲ್ಲ ವಿಚಾರಣೆ ಮಾಡಿದೆವು. ಎಷ್ಟು ದೊಡ್ಡದಿತ್ತು ಎಂದು ಅವನನ್ನು ಯಾರೂ ಕೇಳಲಿಲ್ಲ. ಪಕ್ಕದಲ್ಲಿ ಅಷ್ಟು ವರ್ಷ ಕೂತ ನಾನೂ ಕೇಳಲಿಲ್ಲ. ಕೇಳಿದ್ದರೆ ಅವನು ಏನು ತೋರಿಸುತ್ತಿದ್ದನೋ.

ಕಪ್ಪು ಕೆಳಗಿಟ್ಟು ಎರಡೂ ಕೈ ಚಾಚಿ ತೋರಿಸಿದೆ. ಹೆಂಡತಿ ನಂಬದವಳಂತೆ ನೋಡಿದಳು. ನನಗೂ ಸ್ವಲ್ಪ ಹೆಚ್ಚೇ ಆಯಿತೇನೋ ಎನ್ನಿಸಿತು. ಆದರೂ ಕೈಗಳನ್ನು ಇನ್ನೊಂದಿಷ್ಟು ಅಗಲಿಸಿದೆ.