ನಮ್ಮ ನಾಯಿ ಬಬಲೇಶ್ವರದ ಕಣ ಕಾದದ್ದು

ಅಕ್ಕನಿಗೆ ದಿನ ತುಂಬಿದ್ದವು. ಅವಳಿಗೆ ಗಾಡಿಯ ಕುಲುಕಾಟ ಬೇಡವೆಂದು ಬಾಣಂತನ ವಿಜಾಪುರದ ಅವಳ ಮನೆಯಲ್ಲೇ ಎಂದಾಯಿತು. ಅವ್ವ, ಸೋದರತ್ತೆ, ನಾನು, ಮೂವರೂ ತಿಕೋಟಾದ ಮನೆಗೆ ಬೀಗ ಹಾಕಿ ಹೊರಡಬೇಕು. ಅಪ್ಪನದು ಬಟ್ಟೆ ವ್ಯಾಪಾರ. ಇವತ್ತು ಈ ಸಂತೆ, ನಾಳೆ ಆ ಸಂತೆ. ಉಳಿದದ್ದು ನಾಯಿ.

ಗೋಳಗುಮ್ಮಟದ ಹತ್ತಿರ ಅಕ್ಕನದು ಒಂದೇ ಖೋಲಿ. ಅಲ್ಲಿ ನಮಗೇ ಕಾಲು ಚಾಚಲು ಜಾಗವಿರಲಿಲ್ಲ. ಯುದ್ಧದ ಕಾಲ ಬೇರೆ, ಮನುಷ್ಯರಿಗೇ ಜೋಳ ಅಳೆದು ಕೊಡುತ್ತಿದ್ದರು. ಓಣಿಯಲ್ಲಿ ಯಾರ ಮನೆಗೆ ಹೋಗಿ ನಾಯಿಯನ್ನು ಇಟ್ಟುಕೊಳ್ಳುತ್ತೀರಾ ಎಂದರೂ ಒಂದೇ ಪ್ರಶ್ನೆ: "ಎಷ್ಟ ರೊಟ್ಟಿ ತಿಂತೈತಿ?" ನಾನು "ಅರ್ಧಾ" ಎನ್ನುವಷ್ಟರಲ್ಲಿ ಅದು ಅವರ ಅಡುಗೆಮನೆ ಹೊಕ್ಕಿರುತ್ತಿತ್ತು.

"ಕನಮಡಿ ಗಾಡಿಯವ್ರು ಒಯ್ತೇವಂತಾರ. ಕೊಟ್ಟ ಬಿಡೂಣು," ಎಂದ ಅಪ್ಪ. ಅವರು ಊರೂರು ತಿರುಗುವವರು. ಕೊಟ್ಟರೆ ಮುಗಿಯಿತು, ತಿರುಗಿ ಬರುವುದಿಲ್ಲ. ನಾನು ಉಣ್ಣುವುದನ್ನು ಬಿಟ್ಟು ಕೂತೆ.

ಆ ವಾರ ಧೋತರ ಕೊಳ್ಳಲು ಬಬಲೇಶ್ವರದ ರೈತನೊಬ್ಬ ಮನೆಗೆ ಬಂದ. ಅವನ ಕಣದಲ್ಲಿ ಜೋಳದ ಕೆಲಸ ನಡೆದಿತ್ತು, ಕಳ್ಳರ ಭಯವಿತ್ತು. ದುಡ್ಡು ಬೇಡ, ನಾಯಿ ಕಣ ಕಾದರೆ ಅದರ ರೊಟ್ಟಿ ತನ್ನದು ಎಂದ. ನಮಗೆ ಇನ್ನೇನು ಬೇಕು! ಆದರೆ ನಮ್ಮ ನಾಯಿ ಓಡಿಬಂದು ಅವನ ಕಾಲು ನೆಕ್ಕಿ ಅಂಗಾತ ಮಲಗಿಬಿಟ್ಟಿತು.

"ಇದೇನ್ರಿ ಕಾಯ್ತೈತಿ? ಕಳ್ಳ ಬಂದ್ರ ಚೀಲದ ಬಾಯಿ ಹಿಡಕೊಂಡು ನಿಂದ್ರತೈತಿ!"

ಅತ್ತೆ ಕಟ್ಟೆಯ ಮೇಲಿದ್ದ ಹರಕು ಕಂಬಳಿ ತೋರಿಸಿದಳು. ಅಪ್ಪನ ಹಳೆಯ ಕಂಬಳಿ. ನಾಯಿ ಮಲಗುತ್ತಿದ್ದದ್ದು ಅದರ ಮೇಲೆ. "ತಮ್ಮಾ, ಅದನ್ನ ಒಂದೀಟ ಜಗ್ಗಿ ನೋಡು."

ಆತ ಜಗ್ಗಿದ. ನಾಯಿ ಗುರ್ರೆಂದು ಹಾರಿ ಅವನ ಧೋತರದ ಚುಂಗು ಹಿಡಿಯಿತು. ಹೊಸ ಧೋತರವನ್ನು ಇನ್ನೂ ಉಟ್ಟಿರಲಿಲ್ಲ, ಪುಣ್ಯ.

"ಆತು, ಕಂಬಳಿ ಸಮೇತ ಕಳಸ್ರಿ," ಎಂದ.

ಅಕ್ಕನಿಗೆ ಗಂಡು ಕೂಸಾಯಿತು. ಇನ್ನೂ ಅದಕ್ಕೆ ಹೆಸರಿಟ್ಟಿರಲಿಲ್ಲ, ಅಷ್ಟರಲ್ಲಿ ಬಬಲೇಶ್ವರದ ಗಾಡಿಯವನೊಬ್ಬ ಬಾಗಿಲಲ್ಲಿ ನಿಂತ.

"ಸೋಮವಾರ ರಾಶಿ ಅಳೆಯೂದೈತ್ರಿ. ಕಳ್ಳರು ಮುಟ್ಟಬಾರ್ದಂತ ಕಣದ ಮಾಲಕ ತಾನ ರಾಶಿ ಮ್ಯಾಲ ಕಂಬಳಿ ಹಾಸ್ಯಾನ. ಈಗ ನಾಯಿ ಅಂವಗೂ ಮುಟ್ಟಗೊಡವಲ್ದು. ನೀರ ಕುಡ್ಯಾಕ ಇಳದಾಗ ಕಂಬಳಿ ಒಗದ್ರ, ಕಚಗೊಂಡು ಜಗ್ಗಿ ತಂದು ಮತ್ತ ಅಲ್ಲೇ ಕುಂತೈತಿ. ನೀವು ಬರದಿದ್ರ ಕನಮಡಿಯವ್ರಿಗೆ ಕೊಡತೇನಂದಾನ."

ನಾನು ಅತ್ತೆಯ ಸೆರಗು ಹಿಡಿದು ಅದೇ ಗಾಡಿ ಹತ್ತಿದೆ.

ಸೋಮವಾರ ನಾವು ಕಣ ಮುಟ್ಟುವಾಗ ಪೂಜೆ ಮುಗಿದಿತ್ತು. ಪೂಜೆಯಾದ ಮೇಲೆ ಅಳೆದು ಮುಗಿಸುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ, ಅದು ಅಲ್ಲಿಯ ಪದ್ಧತಿ. ರೈತ ಸೇರು ಹಿಡಿದು ದೂರ ನಿಂತಿದ್ದ. ನಾಯಿ ರಾಶಿಯ ನೆತ್ತಿಯ ಮೇಲೆ ದೇಸಾಯರ ಹಾಗೆ ಕೂತಿತ್ತು. ಕೂಗಿ ಕರೆಯಬೇಕೆಂದು ಬಾಯಿ ತೆರೆದೆ, ಅತ್ತೆ ಕೈ ಅಡ್ಡ ಇಟ್ಟಳು. ರೈತ ನನ್ನನ್ನು ನೋಡಿ, ನಾಯಿಯನ್ನು ತೋರಿಸಿ, ಕೈಯಲ್ಲೇ ಬೈದ. ಅಷ್ಟೊಂದು ಬೈಗುಳ ಕೈಯಲ್ಲಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾನು ಹೋಗಿ ಕಂಬಳಿಯ ತುದಿ ಹಿಡಿದೆ. ನಾಯಿ ನನ್ನನ್ನು ಕಂಡು ಬಾಲ ಬಡಿಯಿತು, ಏಳಲಿಲ್ಲ. ಎಳೆದೆ. ಅದು ಕಂಬಳಿಯ ಮೇಲೆ ಕೂತೇ ಜೋಳದ ಮೇಲಿಂದ ಸರ್ರನೆ ಜಾರಿ ನನ್ನ ಮೇಲೆಯೇ ಬಂತು. ಇಬ್ಬರೂ ಹೊಟ್ಟಿನಲ್ಲಿ ಬಿದ್ದೆವು. ನಗುವಂತಿಲ್ಲ. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು, ಅತ್ತೆ ಬೆನ್ನು ತಿರುಗಿಸಿ ನಿಂತಳು. ರೈತನ ಮೀಸೆ ಮಾತ್ರ ಕುಣಿಯುತ್ತಿತ್ತು.

ಅಳೆದು ಮುಗಿಯುವವರೆಗೆ ನಾನು ನಾಯಿಯನ್ನೂ ಕಂಬಳಿಯನ್ನೂ ಅಪ್ಪಿಕೊಂಡು ಹೊಟ್ಟಿನಲ್ಲೇ ಕೂತೆ. ಕೊನೆಯ ಸೇರು ಚೀಲಕ್ಕೆ ಬಿದ್ದೊಡನೆ ಎಲ್ಲರೂ ಒಮ್ಮೆಲೇ ನಕ್ಕರು. ಅತ್ತೆ ಮೆಲ್ಲಗೆ ಶುರು ಮಾಡಿದಳು: "ತಮ್ಮಾ, ಬಾಣಂತನ ಇನ್ನೂ ಮುಗದಿಲ್ಲ..."

ಆತ ಉತ್ತರಿಸುವ ಮೊದಲೇ ಅವನ ಹೆಂಡತಿ ಎಂದಳು, "ಇರ್ಲಿ ಬಿಡ್ರಿ ಯಕ್ಕಾ. ಈ ವರ್ಷ ನಮ್ಮ ಕಣದಾಗ ಒಂದ್ ಕಾಳು ಹೋಗಿಲ್ಲ."

"ಹೂಂ, ನನಗೂ ಸಿಗತಿದ್ದಿಲ್ಲ," ಎಂದ ಆತ. ಆಮೇಲೆ ಕಂಬಳಿ ಎತ್ತಿಕೊಂಡು ಮನೆಯ ಅಂಗಳವನ್ನೆಲ್ಲ ಸುತ್ತಿದ, ನಾಯಿ ಅವನ ಹಿಂದೆ. ಚೀಲಗಳಿಂದ ದೂರ, ಎತ್ತಿನ ಗೋದಲಿಯಿಂದ ದೂರ, ತನ್ನ ಹಾಸಿಗೆಯಿಂದಲೂ ದೂರ ಒಂದು ಮೂಲೆ ಹುಡುಕಿ, ಕಂಬಳಿಯನ್ನು ತಾನೇ ಹಾಸಿದ.