ಎರಡು ಗೋಡೆ, ಒಂದು ಕುರ್ಚಿ

ಕೋಳಿ ಕೂಗುವ ಹೊತ್ತಿಗೆ ಅಕೈತಿ ಏಣಿಯ ಮೇಲಿದ್ದಾರೆ. ಬಾಯಲ್ಲಿ ಗುಂಡುಪಿನ್ನು, ಹೆಗಲ ಮೇಲೆ ತಿವೈವೈ. ಬಣ್ಣದ ಬಟ್ಟೆಯಲ್ಲಿ ಹೂಬಳ್ಳಿಗಳನ್ನು ಕತ್ತರಿಸಿ ಹೊಲಿದ ಈ ಹಾಸುಗಳಿಂದ ಮನೆ ಸಿಂಗರಿಸಲು ಐತುತಾಕಿ ದ್ವೀಪದವರು ಕರೆಯುವುದು ಇವರನ್ನೇ. ಹಾಸು ತೂಗುಹಾಕಿ, ಇಳಿದು, ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಇವತ್ತು ಎಷ್ಟು ನೋಡಿದರೂ ಬಗೆಹರಿಯುತ್ತಿಲ್ಲ.

ಈ ಮನೆಯ ಹುಡುಗನ ಮೊದಲ ಕೂದಲು ಕತ್ತರಿಸುವ ದಿನವಿದು. ಎರಡೂ ಕಡೆಯ ನೆಂಟರು ಸರದಿಯಂತೆ ಒಂದಿಷ್ಟು ಕೂದಲು ಕತ್ತರಿಸಬೇಕು. ಎಡಗೋಡೆ ತಾಯಿಯ ಕಡೆಯವರದು, ಬಲಗೋಡೆ ತಂದೆಯ ಕಡೆಯವರದು. ಎರಡೂ ಸಮನಾಗಿ ಕಾಣಬೇಕು. ತಾಯಿಯ ಕಡೆಯವರು ಐದು ಹಾಸು ತಂದಿದ್ದಾರೆ. ತಂದೆಯ ಕಡೆಯಿಂದ ಬಂದದ್ದು ಒಂದೇ, ಆದರೆ ಗೋಡೆ ತುಂಬುವಷ್ಟು ದೊಡ್ಡದು, ಕೆಂಡದಂಥ ಕೆಂಪು. ಹುಡುಗನ ಅಪ್ಪ ಅಮ್ಮನ ಮದುವೆಯಲ್ಲಿ ಜಗಳವಾಡಿ ಮಾತು ಬಿಟ್ಟ ಎರಡೂ ಕಡೆಯವರು ಇವತ್ತೇ ಮೊದಲ ಸಲ ಒಂದು ಸೂರಿನಡಿ ಸೇರುತ್ತಿದ್ದಾರೆ. ಒಂದು ಗೋಡೆ ಮೇಲಾಗಿ ಕಂಡರೂ ಇನ್ನೊಂದು ಕಡೆಯವರು ಕತ್ತರಿ ಮುಟ್ಟದೆ ಎದ್ದುಹೋಗುತ್ತಾರೆ.

"ಅವರದು ಐದು, ನಮ್ದು ಒಂದು. ಊರಿಗೆಲ್ಲ ನಮ್ಮನ್ನ ಬಡವ್ರು ಅಂತ ತೋರಿಸ್ಬೇಕಾ ಅಕ್ಕ?" ಹುಡುಗನ ಸೋದರತ್ತೆ ಮೆತುವಾ ಕೇಳುತ್ತಾರೆ.

"ಆ ಕೆಂಪಿನ ಮುಂದೆ ನಮ್ಮವು ಕರವಸ್ತ್ರದ ಥರ ಕಾಣ್ತವೆ," ತಾಯಿಯ ತಾಯಿ ತೆಪೈರು ಬಿಟ್ಟುಕೊಡುವುದಿಲ್ಲ.

"ಇಬ್ರೂ ಸ್ವಲ್ಪ ಸುಮ್ನಿರ್ರೇ. ನಂಗೇ ತಲೆ ಕೆಟ್ಟುಹೋಗಿದೆ," ಅಕೈತಿ ಗದರುತ್ತಾರೆ.

ಅಕೈತಿಯ ಹೊಟ್ಟೆಪಾಡು ಅತಿಥಿಗೃಹದ ಹಾಸಿಗೆಗಳನ್ನು ಹಾಸುವುದು. "ಅಲ್ಲಿ ಎಲ್ಲಾ ಜೋಡಿ. ಎರಡು ದಿಂಬು, ಎರಡು ದೀಪ. ನಿದ್ದೆಗಣ್ಣಲ್ಲೂ ಮಾಡ್ತೀನಿ. ಮನೆತನಗಳು ಹಾಗೆ ಜೋಡಿಯಾಗಿ ಬರಲ್ವಲ್ಲಪ್ಪ." ಸಿಂಗಾರದ ಕೆಲಸಕ್ಕೆ ಸಿಗುವುದು ಒಂದು ಬುಟ್ಟಿ ಕೆಸುವಿನ ಗೆಡ್ಡೆ, ಜೊತೆಗೆ ಭುಜದ ನೋವು. ಹೆಚ್ಚುಕಡಿಮೆಯಾದರೆ ಬೈಗುಳ ಇವರಿಗೇ.

ಕೆಂಪು ಹಾಸನ್ನು ಮಡಚಿ ಚಿಕ್ಕದು ಮಾಡಿದರೆ ಹೂವಿನ ಕುತ್ತಿಗೆ ಕತ್ತರಿಸಿದಂತೆ ಕಾಣುತ್ತದೆ. ಬಲಗೋಡೆಗೆ ತೆಂಗಿನ ಗರಿ ಸೇರಿಸಿದರೆ ಎಡಗೋಡೆ ಸೊರಗುತ್ತದೆ. ಸಾಕಾಗಿ ಅಕೈತಿ ಎಲ್ಲವನ್ನೂ ಕೆಳಗಿಳಿಸಿ ಚಾಪೆಯ ಮೇಲೆ ಕುಕ್ಕರಿಸುತ್ತಾರೆ. ಅಳು ಬರುವಂತಾಗಿದೆ.

ಎದುರಿಗೆ ಬರಿಯ ಹಿಂಗೋಡೆ, ಅದರ ಮುಂದೆ ಹುಡುಗನ ಕುರ್ಚಿ. ಅಕೈತಿ ಮತ್ತೆ ಏಣಿ ಹತ್ತುತ್ತಾರೆ. ಕೆಂಪು ಹಾಸು ಹಿಂಗೋಡೆಗೆ ಹೋಗುತ್ತದೆ. ತಾಯಿಯ ಕಡೆಯ ಒಂದು ಹಾಸು ಕುರ್ಚಿಗೆ, ಉಳಿದ ನಾಲ್ಕರಲ್ಲಿ ಎಡಗೋಡೆಗೆ ಎರಡು, ಬಲಗೋಡೆಗೆ ಎರಡು.

ನೆಂಟರು ಬಂದು ಬಾಗಿಲಲ್ಲೇ ನಿಲ್ಲುತ್ತಾರೆ.

"ನಮ್ಮ ಗೋಡೆ ಯಾವ್ದು?" ಮೆತುವಾ ತಡಬಡಾಯಿಸುತ್ತಾರೆ.

"ನಂಗೂ ಗೊತ್ತಿಲ್ಲ ಕಣೆ. ಕೂತ್ಕೋ ಎಲ್ಲಾದ್ರೂ," ಅಕೈತಿ ಎನ್ನುತ್ತಾರೆ.

ಎಲ್ಲಿ ಕೂರಬೇಕೆಂದು ತಿಳಿಯದೆ ಜನ ಸಿಕ್ಕಸಿಕ್ಕಲ್ಲಿ ಕೂರುತ್ತಾರೆ. ಮೆತುವಾ ಪಕ್ಕದಲ್ಲಿ ತೆಪೈರು. ಹುಡುಗನ ಜುಟ್ಟಿಗೆ ಕತ್ತರಿ ಹಾಕಿದ ತೆಪೈರು ಕತ್ತರಿಯನ್ನು ಮೆತುವಾ ಕೈಗೇ ಕೊಡುತ್ತಾರೆ.

ಅಕೈತಿ ಬಾಗಿಲಲ್ಲಿ ನಿಂತು ಮತ್ತೆ ಒಂದು ಕಣ್ಣು ಮುಚ್ಚುತ್ತಾರೆ. "ಸಮ ಆಯ್ತೋ ಇಲ್ವೋ, ಈಗಲೂ ಗೊತ್ತಾಗ್ತಿಲ್ಲ," ಎನ್ನುತ್ತಾರೆ. "ಯಾರೂ ಎದ್ದುಹೋಗ್ಲಿಲ್ಲ."