ಮಗಳ ಪಂದ್ಯಕ್ಕೆ ನನ್ನ ಉಪವಾಸ

ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಾ ಕುಳಿತಿದ್ದಾಗ ಮಗಳ ಫೋನ್ ಬಂತು. ಅವಳು ದೇಶದ ಫುಟ್ಬಾಲ್ ತಂಡದಲ್ಲಿ ಡಿಫೆಂಡರ್. ಎದುರಿನವರು ಗೋಲಿನ ಹತ್ತಿರ ಬರದಂತೆ ತಡೆಯುವುದೇ ಅವಳ ಕೆಲಸ. ಎರಡು ಸಲ ಆಪರೇಷನ್ ಆದ ಮೊಣಕಾಲನ್ನು ಅಂದು ಬೆಳಿಗ್ಗೆ ಮತ್ತೆ ತೋರಿಸುವುದಿತ್ತು.

"ಅವ್ವಾ, ಡಾಕ್ಟರ್ ಇನ್ನ ಆಡೂದು ಬ್ಯಾಡಂದ್ರು."

ಬೇಳೆಯ ಮೊರ ಪಕ್ಕಕ್ಕೆ ಸರಿಸಿದೆ. ಆಡುವಾಗ ಕೊರಳಲ್ಲಿ ಏನೂ ಇರಬಾರದೆಂಬುದು ಆಟದ ನಿಯಮ. ಹುಮನಾಬಾದಿನಲ್ಲಿ ಮೊದಲ ಪಂದ್ಯದ ದಿನ ಅವಳು ಇಷ್ಟಲಿಂಗ ತೆಗೆದು ನನ್ನ ಕೈಗೆ ಕೊಟ್ಟಿದ್ದಳು. ಲಿಂಗವಿಲ್ಲದ ಮೈಗೆ ನೀರೂ ಸಲ್ಲದು ಎಂದು ಕೇಳಿ ಬೆಳೆದವಳು ನಾನು. ಅವಳೋ ಆಟದ ನಡುವೆ ನೀರು ಕುಡಿಯಲೇಬೇಕು. ಅದಕ್ಕೆ ಅವಳ ಬದಲು ನಾನು ಬಾಯಿ ಕಟ್ಟಿದೆ. ಅಂದಿನಿಂದ ಅವಳು ಯಾವ ದೇಶದಲ್ಲಿ ಆಡಲಿ, "ಹಾಕ್ಕೊಂಡೀನವ್ವ" ಎಂದು ಫೋನ್ ಮಾಡುವವರೆಗೆ ಬಸವಕಲ್ಯಾಣದ ಈ ಮನೆಯಲ್ಲಿ ನಾನು ಹನಿ ನೀರು ಮುಟ್ಟಿದವಳಲ್ಲ. ಹೀಗೆ ಹದಿನಾಲ್ಕು ವರ್ಷ ಕಳೆಯಿತು. ದಣಿದಿದ್ದೇನೆ, ಸುಳ್ಳು ಹೇಳಲಾರೆ.

"ಅಳಾಕತ್ತಿಯೇನ?" ಎಂದೆ.

"ಇಲ್ಲವ್ವ. ಇನ್ನ ನನ್ನ ಹೆಸರಿನ ಮ್ಯಾಲ ಉಪವಾಸ ಕುಂದ್ರಾಕ ನಿನಗ ನೆಪ ಇಲ್ಲ ನೋಡು."

"ಲಿಂಗ ಎಲ್ಲದ?"

"ಕೊರಳಾಗ ಅದ. ಇನ್ನ ತಗಿಯೂದಿಲ್ಲ."

ಅಲ್ಲಿಗೆ ಅವಳ ದನಿ ಒಡೆಯಿತು. ಶಿವ ಕ್ಷಮಿಸಲಿ, ಮಗಳ ಅಳುವಿನ ನಡುವೆಯೇ ನನ್ನ ಎದೆ ಒಂದಿಷ್ಟು ಹಗುರಾಯಿತು. ಆಡದಿದ್ದರೇನು, ಆ ಕಾಲಲ್ಲಿ ಅವಳು ನಡೆಯಬಲ್ಲಳು. ಅಷ್ಟಾದರೂ ಶಿವ ಉಳಿಸಿದ್ದಾನೆ. ಅವಳು ಅತ್ತು ಮುಗಿಸುವವರೆಗೆ ಫೋನ್ ಹಿಡಿದು ಕುಳಿತಿದ್ದು, ಆಮೇಲೆ ಬೇಳೆ ತೊಳೆದು ಒಲೆಗಿಟ್ಟೆ.